ಯಾರಾದರೂ ತೆರೆಯಬಹುದು, ಯಾರೂ ಮುಚ್ಚಲಾರರು

ಕ್ರೈಸ್ತ ಧರ್ಮಸಭೆಯೊಳಗೆ ಕಾಲಿಡಲು ಮೂರು ಸಂಸ್ಕಾರಗಳಿವೆ: ಜ್ಞಾನಸ್ನಾನ, ದೃಢೀಕರಣ, ಪರಮಪ್ರಸಾದ. ಅವುಗಳ ಹಿಂದೆ ಎರಡು ಸಾವಿರ ವರ್ಷಗಳ ನಂಬಿಕೆಯಿದೆ, ಜಗಳವಿದೆ, ಕರಾರುವಾಕ್ಕಾದ ಕಾನೂನೂ ಇದೆ.

1990ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಕಥೋಲಿಕ ಚರ್ಚೊಂದರಲ್ಲಿ ಒಂದು ಗಂಡುಮಗುವಿಗೆ ಜ್ಞಾನಸ್ನಾನವಾಯಿತು. ಮನೆಯವರು ಅದನ್ನು ವಿಡಿಯೊ ಮಾಡಿಸಿ ಇಟ್ಟುಕೊಂಡರು. ಹುಡುಗ ಬೆಳೆದು ಸೆಮಿನರಿ ಸೇರಿ, 2017ರಲ್ಲಿ ಡೆಟ್ರಾಯಿಟ್ ಮಹಾಧರ್ಮಪ್ರಾಂತ್ಯದ ಪಾದ್ರಿಯಾದ. 2020ರ ಆಗಸ್ಟ್‌ನಲ್ಲಿ ವ್ಯಾಟಿಕನ್ ಒಂದು ಸ್ಪಷ್ಟೀಕರಣ ಹೊರಡಿಸಿತು. ಜ್ಞಾನಸ್ನಾನ ಮಾಡಿಸುವವರು ‘ನಾನು’ ಎನ್ನಬೇಕಾದ ಕಡೆ ‘ನಾವು’ ಎಂದರೆ ಆ ಸಂಸ್ಕಾರ ನಡೆದೇ ಇಲ್ಲ ಎಂಬುದು ಅದರ ತಿರುಳು. ಅದನ್ನು ಓದಿದ ಪಾದ್ರಿಗೆ ಹಳೆಯ ವಿಡಿಯೊ ನೆನಪಾಯಿತು. ಹಾಕಿ ನೋಡಿದರೆ, ಅಂದು ನೀರು ಹೊಯ್ದಿದ್ದ ಡೀಕನ್ (ಪಾದ್ರಿಗಿಂತ ಒಂದು ಮೆಟ್ಟಿಲು ಕೆಳಗಿನ ದೀಕ್ಷಿತ ಸೇವಕ) ‘ನಾವು’ ಎಂದೇ ಹೇಳಿದ್ದರು.

ಜ್ಞಾನಸ್ನಾನವಾಗದವರಿಗೆ ಬೇರಾವ ಸಂಸ್ಕಾರವೂ ಸಿಂಧುವಲ್ಲ ಎನ್ನುತ್ತದೆ ಕಥೋಲಿಕ ಕಾನೂನಿನ 842ನೇ ಕ್ಯಾನನ್. ಹಾಗಾಗಿ ಆ ಪಾದ್ರಿ ಒಂದೇ ಗಳಿಗೆಯಲ್ಲಿ ಪಾದ್ರಿಯೂ ಅಲ್ಲ, ಡೀಕನ್ನೂ ಅಲ್ಲ, ಕ್ರೈಸ್ತನೂ ಅಲ್ಲ ಎಂದಾಯಿತು. ಮೂರು ವರ್ಷ ಅವರು ಅರ್ಪಿಸಿದ ಬಲಿಪೂಜೆಗಳು, ಪಾಪನಿವೇದನೆ ಕೇಳಿ ಕೊಟ್ಟ ಕ್ಷಮೆ, ಎಲ್ಲವೂ ಅಸಿಂಧು. ಅದೇ ತಿಂಗಳು ಅವರಿಗೆ ಜ್ಞಾನಸ್ನಾನ, ದೃಢೀಕರಣ, ಪರಮಪ್ರಸಾದ ಕೊಟ್ಟು, ಮತ್ತೆ ಡೀಕನ್ ಮಾಡಿ, ಮತ್ತೆ ಪಾದ್ರಿ ದೀಕ್ಷೆ ಕೊಡಲಾಯಿತು. 2022ರಲ್ಲಿ ಅರಿಜೋನಾದ ಫೀನಿಕ್ಸ್‌ನಲ್ಲಿ ಇದೇ ತಪ್ಪಿನಿಂದ ಸಾವಿರಾರು ಮಂದಿಯ ಜ್ಞಾನಸ್ನಾನ ಪ್ರಶ್ನೆಗೆ ಬಿತ್ತು. ಹಾಗೆ ನುಡಿಯುತ್ತಿದ್ದ ಪಾದ್ರಿ ಧರ್ಮಕೇಂದ್ರದ ಹೊಣೆಯಿಂದ ಕೆಳಗಿಳಿದರು.

ಡೆಟ್ರಾಯಿಟ್‌ನ ಪ್ರಕರಣದಲ್ಲಿ ಒಂದು ಸಂಗತಿ ಮಾತ್ರ ಅಲುಗಾಡಲಿಲ್ಲ. ಆ ಮೂರು ವರ್ಷಗಳಲ್ಲಿ ಅವರು ಸರಿಯಾದ ಮಾತು ನುಡಿದು ಮಾಡಿಸಿದ್ದ ಜ್ಞಾನಸ್ನಾನಗಳು ಸಿಂಧುವಾಗಿಯೇ ಉಳಿದವು. ಚರ್ಚು ನೇಮಿಸಿದ ಡೀಕನ್ ಮಾಡಿಸಿದ್ದು ನಡೆಯಲಿಲ್ಲ. ಕಾನೂನಿನ ಕಣ್ಣಿನಲ್ಲಿ ಕ್ರೈಸ್ತನೇ ಅಲ್ಲದವನು ಮಾಡಿಸಿದ್ದು ನಡೆಯಿತು! ಹೊರಗಿನವರಿಗೆ ಇದು ವಿಪರೀತವೆನಿಸಬಹುದು. ಆದರೆ ಕ್ರೈಸ್ತ ಪ್ರವೇಶ ಸಂಸ್ಕಾರಗಳ ಇಡೀ ತರ್ಕ ಈ ವಿಪರೀತದಲ್ಲೇ ಅಡಗಿದೆ.

ನೀರು, ಮಾತು, ಮನಸ್ಸು

ಪಶ್ಚಿಮದ ಕ್ರಮ ಅನುಸರಿಸುವ ಲ್ಯಾಟಿನ್ ಕಥೋಲಿಕರಿಗೆ ಅನ್ವಯಿಸುವ ಕಾನೂನು ಸಂಹಿತೆ 1983ರದು. ಒಟ್ಟು 1752 ಕ್ಯಾನನ್‌ಗಳು. ಜ್ಞಾನಸ್ನಾನವನ್ನು ಅದು ಸಂಸ್ಕಾರಗಳ ಬಾಗಿಲು ಎಂದು ಕರೆಯುತ್ತದೆ. ಆ ಬಾಗಿಲು ತೆರೆಯಲು ಬೇಕಾದವು ಮೂರೇ: ನಿಜವಾದ ನೀರು, ನಿಗದಿಯಾದ ಮಾತು, ಧರ್ಮಸಭೆ ಏನು ಮಾಡುತ್ತದೋ ಅದನ್ನೇ ಮಾಡುವ ಮನಸ್ಸು.

ನೀರೆಂದರೆ ನೀರೇ. ಬಾವಿಯದಾಗಲಿ, ಹೊಳೆಯದಾಗಲಿ, ನಲ್ಲಿಯದಾಗಲಿ ನಡೆಯುತ್ತದೆ. ಹಾಲು, ಎಳನೀರು, ಎಣ್ಣೆ ನಡೆಯದು. ಇದೇನು ಬರೀ ಊಹೆಯ ಪ್ರಶ್ನೆಯಲ್ಲ. ನೀರಿಲ್ಲದಾಗ ಬಿಯರ್ ಹೊಯ್ದು ಮಾಡಿಸಿದ ಜ್ಞಾನಸ್ನಾನ ಸರಿಯೇ ಎಂದು ನಾರ್ವೆಯ ಆರ್ಚ್‌ಬಿಷಪ್ 13ನೇ ಶತಮಾನದಲ್ಲಿ ರೋಮಿಗೆ ಕೇಳಿದ್ದರು. ಸರಿಯಲ್ಲ ಎಂದು ಪೋಪ್ ಒಂಬತ್ತನೇ ಗ್ರೆಗೊರಿ 1241ರಲ್ಲಿ ಉತ್ತರಿಸಿದರು. ಮುಳುಗಿಸಿದರೂ ಆಯಿತು, ತಲೆಯ ಮೇಲೆ ಹೊಯ್ದರೂ ಆಯಿತು. ಹರಿಯುವ ನೀರು ಉತ್ತಮ, ಅದು ಸಿಗದಿದ್ದರೆ ಬೇರೆ ನೀರು, ಅದೂ ಸಾಲದಿದ್ದರೆ ತಲೆಗೆ ಮೂರು ಸಲ ಹೊಯ್ದರೆ ಸಾಕು ಎಂಬ ಸೂಚನೆ ‘ದಿದಾಖೆ’ ಎಂಬ ಆದಿ ಕ್ರೈಸ್ತ ಕೈಪಿಡಿಯಲ್ಲೇ ಇದೆ.

ಮಾತಿನ ವಿಷಯದಲ್ಲಿ ಕಾನೂನು ಒಮ್ಮೆ ತೀರ ಸಡಿಲ, ಒಮ್ಮೆ ತೀರ ಬಿಗಿ ಎನಿಸುತ್ತದೆ. 8ನೇ ಶತಮಾನದಲ್ಲಿ ಬವೇರಿಯಾದ ಒಬ್ಬ ಪಾದ್ರಿಗೆ ಲ್ಯಾಟಿನ್ ಸರಿಯಾಗಿ ಬರುತ್ತಿರಲಿಲ್ಲ. ಪಿತ, ಸುತರ ಹೆಸರು ಹೇಳುವಾಗ ವಿಭಕ್ತಿಯನ್ನೂ ಲಿಂಗವನ್ನೂ ಕೆಡಿಸಿ ನುಡಿದಿದ್ದ. ಧರ್ಮಪ್ರಚಾರಕ ಬೊನಿಫೇಸ್ ಅಂಥವರಿಗೆಲ್ಲ ಮತ್ತೆ ಜ್ಞಾನಸ್ನಾನ ಮಾಡಿಸಲು ಹೊರಟರು. ಪೋಪ್ ಜಕಾರಿಯಾಸ್ 746ರಲ್ಲಿ ಕಾಗದ ಬರೆದು ತಡೆದರು. ಭಾಷೆ ಬಾರದೆ ತೊದಲಿದ್ದು ದೋಷವಲ್ಲ, ನಂಬಿಕೆಯಲ್ಲಿ ತಪ್ಪಿಲ್ಲದಿದ್ದರೆ ಸಂಸ್ಕಾರ ನಡೆದಿದೆ ಎಂಬುದು ಅವರ ನಿಲುವು. ತೊದಲಿಗೆ ಕ್ಷಮೆಯಿದೆ, ತಿದ್ದುಪಡಿಗೆ ಇಲ್ಲ. ಪಿತ, ಸುತ, ಪವಿತ್ರಾತ್ಮ ಎನ್ನುವ ಬದಲು ಸೃಷ್ಟಿಕರ್ತ, ವಿಮೋಚಕ, ಪಾವನಗೊಳಿಸುವವ ಎಂದರೆ ಅಸಿಂಧು ಎಂದು 2008ರಲ್ಲಿ ವ್ಯಾಟಿಕನ್ ಹೇಳಿತು. ಮಾರ್ಮನ್ ಪಂಥದವರು ನೀರನ್ನೂ ಬಳಸುತ್ತಾರೆ, ಮೂರು ಹೆಸರನ್ನೂ ಹೇಳುತ್ತಾರೆ. ಆದರೆ ಆ ಹೆಸರುಗಳ ಬಗ್ಗೆ ಅವರ ತಿಳಿವಳಿಕೆಯೇ ಬೇರೆ ಎಂಬ ಕಾರಣಕ್ಕೆ 2001ರಲ್ಲಿ ಅವರ ಜ್ಞಾನಸ್ನಾನವನ್ನೂ ಒಪ್ಪಲಿಲ್ಲ.

ಇನ್ನು, ಮಾಡಿಸುವವರು ಯಾರು? ಸಾಮಾನ್ಯವಾಗಿ ಬಿಷಪ್, ಪಾದ್ರಿ ಅಥವಾ ಡೀಕನ್. ಜೀವಕ್ಕೆ ಅಪಾಯ ಬಂದು ಅವರಾರೂ ಸಿಗದಿದ್ದಾಗ, ಸರಿಯಾದ ಉದ್ದೇಶವುಳ್ಳ ಯಾವ ಮನುಷ್ಯರಾದರೂ ಮಾಡಿಸಬಹುದು ಎನ್ನುತ್ತದೆ 861ನೇ ಕ್ಯಾನನ್. ಹಿಂದೂ ನರ್ಸ್ ಆಗಬಹುದು, ಮುಸ್ಲಿಂ ವೈದ್ಯ ಆಗಬಹುದು, ದೇವರನ್ನೇ ನಂಬದವರೂ ಆಗಬಹುದು. ‘ಈ ತಾಯಿ ಕೇಳುತ್ತಿರುವುದನ್ನು ಅವರ ಧರ್ಮಸಭೆ ಮಾಡುವ ಹಾಗೆ ಮಾಡುತ್ತಿದ್ದೇನೆ’ ಎಂಬ ಮನಸ್ಸಿದ್ದರೆ ಸಾಕು, ತಾನು ನಂಬಬೇಕೆಂದಿಲ್ಲ. 1439ರಲ್ಲಿ ಫ್ಲಾರೆನ್ಸ್ ಮಹಾಸಭೆ ಇದನ್ನು ಲಿಖಿತವಾಗಿ ಸಾರಿತು. ಅದಕ್ಕೂ ಮೊದಲಿನಿಂದಲೇ ಯುರೋಪಿನ ಸೂಲಗಿತ್ತಿಯರಿಗೆ ಊರಿನ ಪಾದ್ರಿಗಳು ಆ ಮಾತುಗಳನ್ನು ಕಲಿಸಿಕೊಡುತ್ತಿದ್ದರು.

ಕೈ ಯಾರದು, ಕ್ರಿಯೆ ಯಾರದು

ಇಷ್ಟು ಅಗಲವಾಗಿ ಬಾಗಿಲು ತೆರೆದದ್ದು ಔದಾರ್ಯದಿಂದಲ್ಲ, ಜಗಳದಿಂದ. 3ನೇ ಶತಮಾನದ ಉತ್ತರ ಆಫ್ರಿಕದಲ್ಲಿ ಧರ್ಮಸಭೆಯಿಂದ ಒಡೆದುಹೋದ ಗುಂಪುಗಳು ತಮ್ಮಷ್ಟಕ್ಕೆ ಜ್ಞಾನಸ್ನಾನ ಮಾಡಿಸುತ್ತಿದ್ದವು. ಅಂಥವರು ಮರಳಿ ಬಂದರೆ ಮತ್ತೆ ಮಾಡಿಸಬೇಕೆ? ಬೇಕೇಬೇಕು ಎಂದರು ಕಾರ್ಥೇಜಿನ ಬಿಷಪ್ ಸಿಪ್ರಿಯಾನ್. ಧರ್ಮಸಭೆಯ ಹೊರಗಿರುವವರ ಬಳಿ ಪವಿತ್ರಾತ್ಮನೇ ಇಲ್ಲದ ಮೇಲೆ ಕೊಡುವುದಾದರೂ ಏನನ್ನು ಎಂಬುದು ಅವರ ವಾದ. ಬೇಡ, ಕೈಯಿಟ್ಟು ಪ್ರಾರ್ಥಿಸಿ ಸೇರಿಸಿಕೊಂಡರೆ ಸಾಕು ಎಂದರು ರೋಮಿನ ಬಿಷಪ್ ಸ್ಟೀಫನ್. 256ರ ಹೊತ್ತಿಗೆ ಇಬ್ಬರ ನಡುವೆ ಸಂಬಂಧ ಕಡಿಯುವಷ್ಟು ಬಿರುಸಾಯಿತು. 257ರಲ್ಲಿ ಸ್ಟೀಫನ್ ತೀರಿಕೊಂಡರು. 258ರಲ್ಲಿ ಸಿಪ್ರಿಯಾನ್ ಹುತಾತ್ಮರಾದರು. ಪ್ರಶ್ನೆ ಮಾತ್ರ ಉಳಿಯಿತು.

4ನೇ ಶತಮಾನದಲ್ಲಿ ಅದೇ ನೆಲದಲ್ಲಿ ಡೊನಾಟಿಸ್ಟರೆಂಬ ಒಡೆದುಹೋದ ಪಂಗಡದವರು ಅದನ್ನು ಇನ್ನಷ್ಟು ತೀಕ್ಷ್ಣವಾಗಿ ಎತ್ತಿದರು. ರೋಮನ್ ಚಕ್ರವರ್ತಿಯ ದಮನದ ಕಾಲದಲ್ಲಿ ಹೆದರಿ ಪವಿತ್ರ ಗ್ರಂಥಗಳನ್ನು ಅಧಿಕಾರಿಗಳಿಗೆ ಒಪ್ಪಿಸಿದ ಬಿಷಪರು ಕೊಟ್ಟ ಸಂಸ್ಕಾರಕ್ಕೆ ಬೆಲೆಯೇನು? ದ್ರೋಹಿಯ ಕೈ ಮುಟ್ಟಿದ ನೀರು ಶುದ್ಧವೆ? ಹಿಪ್ಪೋ ನಗರದ ಬಿಷಪ್ ಅಗಸ್ಟೀನ್ ಕೊಟ್ಟ ಉತ್ತರವೇ ಇಂದಿನ ಕಾನೂನಿನ ಬೇರು. ನೀರು ಹೊಯ್ಯುವುದು ಶಿಷ್ಯ ಪೇತ್ರನೇ ಆಗಲಿ, ದ್ರೋಹಿ ಯೂದನೇ ಆಗಲಿ, ನಿಜವಾಗಿ ಜ್ಞಾನಸ್ನಾನ ಮಾಡಿಸುವವನು ಕ್ರಿಸ್ತ ಎಂಬುದು ಅದರ ಸಾರ. ಕೊಡುವವನ ಪಾವಿತ್ರ್ಯವನ್ನೇ ಆಧಾರ ಮಾಡಿಕೊಂಡರೆ ಯಾವ ಭಕ್ತನಿಗೂ ತನ್ನ ಜ್ಞಾನಸ್ನಾನದ ಬಗ್ಗೆ ಎಂದಿಗೂ ಖಾತ್ರಿ ಇರಲಾರದು. ಪಾದ್ರಿಯ ಅಂತರಂಗ ಕಂಡವರಾರು?

ಈ ಹಿನ್ನೆಲೆಯಲ್ಲಿ 2020ರ ತೀರ್ಮಾನವನ್ನು ಓದಿದರೆ ಅದು ವ್ಯಾಕರಣದ ಹಟವೆಂದು ತೋರುವುದಿಲ್ಲ. ಏಕವಚನದಲ್ಲಿ ಮಾತಾಡುವವನು ಪಾದ್ರಿಯಲ್ಲ, ಅವನ ಬಾಯಿಂದ ಕ್ರಿಸ್ತ ಎಂಬುದು ನಂಬಿಕೆ. ‘ನಾವು’ ಎಂದೊಡನೆ ತಂದೆತಾಯಿ, ಬಂಧುಬಳಗ, ನೆರೆದ ಸಭೆ ಎಲ್ಲರೂ ಕರ್ತೃಗಳಾಗಿಬಿಡುತ್ತಾರೆ. ಸಂಸ್ಕಾರ ಒಂದು ಸಂಘದ ಸದಸ್ಯತ್ವವಾಗುತ್ತದೆ. ಒಬ್ಬ ನರ್ಸಿನ ಕೈಯಲ್ಲಿ ಸಿಂಧುವಾಗುವುದೂ ಒಬ್ಬ ಡೀಕನ್ನನ ಕೈಯಲ್ಲಿ ಅಸಿಂಧುವಾಗುವುದೂ ಒಂದೇ ತತ್ವದಿಂದ. ಹಾಗಿದ್ದೂ ಇದರಲ್ಲಿ ಒಂದು ಬಿಗಿ ಇದ್ದೇ ಇದೆ. ಬವೇರಿಯಾದ ಪಾದ್ರಿಗೆ ಸಿಕ್ಕ ವಿನಾಯಿತಿ ಮಿಷಿಗನ್ನಿನ ಡೀಕನ್ನನಿಗೆ ಯಾಕೆ ಸಿಗಲಿಲ್ಲ, ಅವರ ಮನಸ್ಸಿನಲ್ಲೂ ಧರ್ಮಸಭೆಯ ಉದ್ದೇಶವೇ ಇದ್ದಿರಬಹುದಲ್ಲ ಎಂದು ಕೇಳುವ ದೇವಶಾಸ್ತ್ರಜ್ಞರಿದ್ದಾರೆ. ಮಾತನ್ನು ಬೇಕೆಂದೇ ಬದಲಿಸುವುದು ಉದ್ದೇಶವನ್ನೇ ಬದಲಿಸಿದ ಹಾಗೆ ಎಂಬುದು ರೋಮಿನ ಉತ್ತರ.

ಇದೇ ತತ್ವದಿಂದ ಪ್ರೊಟೆಸ್ಟೆಂಟ್ ಸಭೆಗಳ ದೀಕ್ಷಾಸ್ನಾನವನ್ನು ಕಥೋಲಿಕರು ಒಪ್ಪುತ್ತಾರೆ. 1947ರಲ್ಲಿ ರೂಪುಗೊಂಡ ದಕ್ಷಿಣ ಭಾರತ ಸಭೆಯ, ಅಂದರೆ ಸಿಎಸ್‌ಐನ ಸದಸ್ಯರೊಬ್ಬರು ಕಥೋಲಿಕರಾದರೆ ಅವರಿಗೆ ಮತ್ತೆ ನೀರು ಹೊಯ್ಯುವುದಿಲ್ಲ. ಅನುಮಾನಕ್ಕೆ ಗಟ್ಟಿ ಕಾರಣವಿದ್ದರೆ ಮಾತ್ರ ‘ಹಿಂದೆ ಆಗಿರದಿದ್ದರೆ’ ಎಂಬ ಷರತ್ತು ಹಾಕಿ ಮಾಡಿಸಬಹುದು. ಬ್ಯಾಪ್ಟಿಸ್ಟರ ದಾರಿ ಬೇರೆ. ತಾನಾಗಿ ನಂಬಿ ಬಾಯಿಂದ ಒಪ್ಪಿದ ಮೇಲಷ್ಟೇ ದೀಕ್ಷೆ ಎಂಬುದು ಅವರ ನಿಲುವು. ಕೂಸಿನ ತಲೆಗೆ ಹೊಯ್ದ ನೀರು ಅವರ ಲೆಕ್ಕಕ್ಕಿಲ್ಲ.

ಒಂದೇ ರಾತ್ರಿಯ ಮೂರು ಸಂಸ್ಕಾರ

ಆದಿಯಲ್ಲಿ ಮೂರೂ ಒಟ್ಟಿಗೇ ನಡೆಯುತ್ತಿದ್ದವು. 387ರ ಏಪ್ರಿಲ್‌ನಲ್ಲಿ, ಪಾಸ್ಖ (ಈಸ್ಟರ್) ಹಬ್ಬದ ಜಾಗರಣೆಯ ರಾತ್ರಿ, ಮಿಲಾನ್ ನಗರದಲ್ಲಿ ಅಗಸ್ಟೀನ್, ಅವರ ಮಗ ಅದೆಯೊದಾತುಸ್, ಗೆಳೆಯ ಅಲಿಪಿಯುಸ್ ಮೂವರೂ ಬಿಷಪ್ ಆಂಬ್ರೋಸರಿಂದ ಜ್ಞಾನಸ್ನಾನ ಪಡೆದರು. ಆ ಎಂಟು ಮೂಲೆಯ ಸ್ನಾನಕುಂಡದ ಅವಶೇಷ ಇಂದಿಗೂ ಮಿಲಾನಿನ ಮಹಾ ಚರ್ಚಿನ ಅಡಿಯಲ್ಲಿದೆ. ಎಂಟು ಎಂದರೆ ವಾರದ ಏಳು ದಿನ ದಾಟಿದ ಮರುದಿನ, ಕ್ರಿಸ್ತನು ಪುನರುತ್ಥಾನನಾದ ದಿನ. ನೀರಿಗಿಳಿಯುವುದೆಂದರೆ ಕ್ರಿಸ್ತನೊಡನೆ ಸಾಯುವುದು, ಮೇಲೇಳುವುದೆಂದರೆ ಅವನೊಡನೆ ಹೊಸದಾಗಿ ಬದುಕುವುದು ಎಂದು ಸಂತ ಪೌಲ ರೋಮನರಿಗೆ ಬರೆದ ಪತ್ರದಲ್ಲಿ ವಿವರಿಸಿದ್ದನ್ನು ಕಟ್ಟಡವೇ ಹೇಳುತ್ತಿತ್ತು.

ಅದಕ್ಕೆ ಮುನ್ನ ದೀರ್ಘ ತಯಾರಿ. ಹಿಪ್ಪೊಲಿಟಸನ ಹೆಸರಿನಲ್ಲಿ ಬಂದಿರುವ ಹಳೆಯ ವಿಧಿಗ್ರಂಥ ದೀಕ್ಷಾರ್ಥಿಗಳಿಗೆ ಮೂರು ವರ್ಷಗಳ ಉಪದೇಶ ಹೇಳುತ್ತದೆ. ಜೆರುಸಲೇಮಿನಲ್ಲಿ ದೀಕ್ಷಾರ್ಥಿಗಳು ಕತ್ತಲ ದಿಕ್ಕಾದ ಪಡುವಣಕ್ಕೆ ಮುಖ ಮಾಡಿ ಸೈತಾನನನ್ನು ತೊರೆದು, ಮೂಡಣಕ್ಕೆ ತಿರುಗಿ ನಂಬಿಕೆ ಸಾರುತ್ತಿದ್ದರು. ಮಿಲಾನಿನಲ್ಲಿ ನೀರಿನಿಂದೆದ್ದವರ ಕಾಲುಗಳನ್ನು ಬಿಷಪರೇ ತೊಳೆಯುತ್ತಿದ್ದರು. ರೋಮಿನಲ್ಲಿ ಈ ಪದ್ಧತಿಯಿಲ್ಲವೆಂದು ಆಂಬ್ರೋಸರಿಗೆ ಗೊತ್ತಿತ್ತು, ಆದರೂ ಬಿಡಲಿಲ್ಲ. ಆಮೇಲೆ ಬಿಷಪರು ಪವಿತ್ರಾತ್ಮನ ವರಕ್ಕಾಗಿ ಪ್ರಾರ್ಥಿಸಿ ಮುದ್ರೆಯೊತ್ತುತ್ತಿದ್ದರು. ನಂತರ ಬಲಿಪೂಜೆ, ಮೊದಲ ಸಲ ಪರಮಪ್ರಸಾದ. ನೀರು, ತೈಲ, ರೊಟ್ಟಿ: ಹುಟ್ಟು, ಬಲ, ಊಟ. ಮೂರೂ ಒಂದೇ ಕ್ರಿಯೆಯ ಮೂರು ಹೆಜ್ಜೆಗಳಾಗಿದ್ದವು.

ಎಲ್ಲರಿಗೂ ಆ ರಾತ್ರಿಯ ಅವಸರವಿರಲಿಲ್ಲ. ಹಿಂದಿನ ಪಾಪಗಳೆಲ್ಲ ತೊಳೆದುಹೋಗುವ ಸಂಸ್ಕಾರ ಒಂದೇ ಸಲ ಸಿಗುವುದಾದ್ದರಿಂದ ಕೊನೆಗಾಲದವರೆಗೆ ಮುಂದೂಡುತ್ತಿದ್ದವರು ಹಲವರು. ಚಕ್ರವರ್ತಿ ಕಾನ್‌ಸ್ಟಂಟೈನ್ 337ರಲ್ಲಿ ಮರಣಶಯ್ಯೆಯಲ್ಲಿ ಪಡೆದರು. 374ರಲ್ಲಿ ಮಿಲಾನಿನ ಜನ ಬಿಷಪರಾಗಿ ಆರಿಸಿದಾಗ ಆಂಬ್ರೋಸರಿಗೇ ಇನ್ನೂ ಜ್ಞಾನಸ್ನಾನವಾಗಿರಲಿಲ್ಲ. ಕೂಸುಗಳಿಗೆ ಕೊಡುವುದು ವಾಡಿಕೆಯಾಗಿ ಬಲಿತದ್ದು ಅಗಸ್ಟೀನರ ಜನ್ಮಪಾಪದ ವಿವರಣೆ ಹರಡಿದ ಮೇಲೆ.

ಬಿಷಪರಿಗಾಗಿ ಕಾದ ಎಣ್ಣೆ

ಮೂರು ಸಂಸ್ಕಾರಗಳು ಬೇರೆಬೇರೆಯಾದದ್ದು ದೇವಶಾಸ್ತ್ರದ ಭಿನ್ನಮತದಿಂದಲ್ಲ, ಜನಸಂಖ್ಯೆಯಿಂದ. ಊರಿಗೊಬ್ಬ ಬಿಷಪ್ ಇದ್ದಾಗ ಎಲ್ಲವೂ ಅವರ ಕೈಯಲ್ಲೇ ಆಗುತ್ತಿತ್ತು. ಕ್ರೈಸ್ತರು ಹಳ್ಳಿಹಳ್ಳಿಗೆ ಹಬ್ಬಿದ ಮೇಲೆ ಬಿಷಪರು ಎಲ್ಲೆಡೆ ಇರಲು ಸಾಧ್ಯವೆ? ಪೂರ್ವದ ಸಭೆಗಳು ಬಿಷಪರು ಮಂತ್ರಿಸಿದ ತೈಲವನ್ನು ಪಾದ್ರಿಗಳ ಕೈಗೆ ಕೊಟ್ಟು, ಮೂರನ್ನೂ ಒಟ್ಟಿಗೆ ಇರಿಸಿಕೊಂಡವು. ರೋಮ್ ಬಿಷಪರ ಹಕ್ಕನ್ನು ಉಳಿಸಿಕೊಂಡಿತು. ಹಣೆಗೆ ಕ್ರಿಸ್ಮ ತೈಲದ ಮುದ್ರೆ ಒತ್ತುವುದು ಬಿಷಪರಿಗೆ ಮಾತ್ರ ಸೇರಿದ್ದು ಎಂದು ಪೋಪ್ ಒಂದನೇ ಇನ್ನೊಸೆಂಟ್ 416ರಲ್ಲಿ ಗುಬ್ಬಿಯೊ ಊರಿನ ಬಿಷಪರಿಗೆ ಬರೆದರು. ಸಮಾರಿಯದಲ್ಲಿ ಜ್ಞಾನಸ್ನಾನ ಪಡೆದವರ ಮೇಲೆ ಕೈಯಿಡಲು ಪೇತ್ರ, ಯೊವಾನ್ನರೇ ಹೋಗಬೇಕಾಯಿತೆಂಬ ಪ್ರೇಷಿತರ ಕಾರ್ಯಗಳ ಪ್ರಸಂಗ ಅದಕ್ಕೆ ಆಧಾರ. ಪೂರ್ವ ಸಂಸ್ಕಾರಗಳ ಒಗ್ಗಟ್ಟನ್ನು ಉಳಿಸಿತು, ಪಶ್ಚಿಮ ಬಿಷಪರೊಡನಿನ ಬಂಧವನ್ನು ಉಳಿಸಿತು. ಎರಡನ್ನೂ ಉಳಿಸಿಕೊಳ್ಳಲು ಯಾರಿಗೂ ಆಗಲಿಲ್ಲ.

ಪಶ್ಚಿಮದಲ್ಲಿ ಕೂಸಿಗೆ ಊರ ಪಾದ್ರಿ ನೀರು ಹೊಯ್ದು, ತೈಲಕ್ಕೆ ಬಿಷಪರ ದಾರಿ ಕಾಯುವುದು ರೂಢಿಯಾಯಿತು. ಬಿಷಪರ ಭೇಟಿ ಅಪರೂಪ. ದೃಢೀಕರಣವಿಲ್ಲದೆ ಮುದುಕರಾದವರೂ ಇದ್ದರು. 1281ರಲ್ಲಿ ಇಂಗ್ಲೆಂಡಿನ ಲ್ಯಾಂಬೆತ್ ಸಭೆ, ಸಾವಿನ ಅಪಾಯದ ಹೊರತು ದೃಢೀಕರಣವಾಗದವರಿಗೆ ಪರಮಪ್ರಸಾದವಿಲ್ಲ ಎಂದು ಗದರಬೇಕಾಯಿತು. ಕೂಸಿನ ಬಾಯಿಗೆ ಒಂದು ತೊಟ್ಟು ಪವಿತ್ರ ದ್ರಾಕ್ಷಾರಸ ಬಿಡುವ ಪದ್ಧತಿ 12ನೇ ಶತಮಾನದ ಹೊತ್ತಿಗೆ ಮಾಯವಾಗತೊಡಗಿತು. ವಿವೇಚನೆಯ ವಯಸ್ಸಿಗೆ ಬಂದವರು ವರ್ಷಕ್ಕೊಮ್ಮೆ ಪಾಪನಿವೇದನೆ ಮಾಡಿ ಪಾಸ್ಖದಲ್ಲಿ ಪ್ರಸಾದ ಸ್ವೀಕರಿಸಬೇಕೆಂದು 1215ರ ನಾಲ್ಕನೇ ಲ್ಯಾಟರನ್ ಮಹಾಸಭೆ ವಿಧಿಸಿತು. ಆ ವಯಸ್ಸು ಎಷ್ಟೆಂಬುದು ಊರಿಂದೂರಿಗೆ ಬೆಳೆಯುತ್ತಾ ಹೋಗಿ, ಹತ್ತು, ಹನ್ನೆರಡು, ಹದಿನಾಲ್ಕು ತಲುಪಿತು.

1910ರ ಆಗಸ್ಟ್ 8ರಂದು ಪೋಪ್ ಹತ್ತನೇ ಪಯಸ್ ಇದಕ್ಕೆ ತಡೆ ಹಾಕಿದರು: ಸುಮಾರು ಏಳು ವರ್ಷ ಸಾಕು. ಸಾಮಾನ್ಯ ಊಟಕ್ಕೂ ಈ ಪ್ರಸಾದಕ್ಕೂ ಇರುವ ವ್ಯತ್ಯಾಸ ತಿಳಿದರೆ ಮಗುವನ್ನು ದೂರವಿಡಬಾರದು. ಬಿಳಿ ಬಟ್ಟೆ ತೊಟ್ಟ ಪ್ರಾಥಮಿಕ ಶಾಲೆಯ ಮಕ್ಕಳು ಪ್ರಥಮ ಪರಮಪ್ರಸಾದಕ್ಕೆ ಸಾಲಾಗಿ ನಿಲ್ಲುವ ಇಂದಿನ ದೃಶ್ಯ ಈ ಆಜ್ಞೆಯ ಫಲ. ಆದರೆ ದೃಢೀಕರಣದ ವಯಸ್ಸನ್ನು ಯಾರೂ ಕೆಳಗಿಳಿಸಲಿಲ್ಲ. ಹೀಗಾಗಿ ನೀರು, ತೈಲ, ರೊಟ್ಟಿ ಎಂಬ ಅನುಕ್ರಮ ನೀರು, ರೊಟ್ಟಿ, ತೈಲ ಎಂದು ತಿರುಗುಮುರುಗಾಯಿತು. ಹೈಸ್ಕೂಲು ವಯಸ್ಸಿಗೆ ಸರಿದ ದೃಢೀಕರಣಕ್ಕೆ ಹೊಸ ಅರ್ಥವೂ ಅಂಟಿಕೊಂಡಿತು: ‘ಇನ್ನು ನೀನು ದೊಡ್ಡವನಾದೆ, ನಿನ್ನ ನಂಬಿಕೆಯನ್ನು ನೀನೇ ಒಪ್ಪಿಕೊ.’ ತೋಮಸ್ ಅಕ್ವಿನಾಸ್ ಇದನ್ನು ಕೇಳಿದ್ದರೆ ತಲೆಯಾಡಿಸುತ್ತಿರಲಿಲ್ಲ. ದೇಹದ ವಯಸ್ಸು ಆತ್ಮಕ್ಕೆ ಅಡ್ಡಿಯಲ್ಲ, ಚಿಕ್ಕ ಮಕ್ಕಳೂ ಆತ್ಮದಲ್ಲಿ ಪ್ರೌಢರಾಗಬಲ್ಲರು ಎಂದವರು ಅವರು.

ಎರಡನೇ ವ್ಯಾಟಿಕನ್ ಮಹಾಸಭೆ ಈ ಹರಿದ ನೂಲನ್ನು ಮತ್ತೆ ಜೋಡಿಸಲು ಯತ್ನಿಸಿತು. ವಯಸ್ಕರ ದೀಕ್ಷಾಕ್ರಮವನ್ನು 1972ರಲ್ಲಿ ಹೊಸದಾಗಿ ರೂಪಿಸಲಾಯಿತು. ಇಂದು ವಯಸ್ಕರೊಬ್ಬರು ಪಾಸ್ಖ ಜಾಗರಣೆಯಲ್ಲಿ ಜ್ಞಾನಸ್ನಾನ ಪಡೆದರೆ, ಗಂಭೀರ ಅಡ್ಡಿಯಿಲ್ಲದಿದ್ದಲ್ಲಿ, ಮೂರನ್ನೂ ಅದೇ ರಾತ್ರಿ ಪಡೆಯಬೇಕು. ದೃಢೀಕರಣವನ್ನು ಜ್ಞಾನಸ್ನಾನ ಮಾಡಿಸಿದ ಪಾದ್ರಿಯೇ ಕೊಡಬಹುದು. ಕೂಸುಗಳ ವಿಷಯದಲ್ಲಿ ಮಾತ್ರ ಹಳೆಯ ಗೊಂದಲ ಮುಂದುವರಿದಿದೆ. 2015ರಲ್ಲಿ ಅಮೆರಿಕದ ಡೆನ್ವರ್ ಮಹಾಧರ್ಮಪ್ರಾಂತ್ಯ, ಮೂರನೇ ತರಗತಿಯ ಮಕ್ಕಳಿಗೆ ಪ್ರಥಮ ಪರಮಪ್ರಸಾದದ ಜತೆಗೇ ಅದಕ್ಕೂ ಮುಂಚೆ ದೃಢೀಕರಣ ಕೊಡುವ ತೀರ್ಮಾನ ಮಾಡಿ, ಮೂಲ ಅನುಕ್ರಮಕ್ಕೆ ಮರಳಿತು.

ಒಂದೇ ತಾಲ್ಲೂಕು, ಎರಡು ಸಂಹಿತೆ

ಪೂರ್ವ ಪಶ್ಚಿಮಗಳ ಈ ಭೇದ ನೋಡಲು ರೋಮಿಗಾಗಲಿ ಇಸ್ತಾಂಬುಲಿಗಾಗಲಿ ಹೋಗಬೇಕಿಲ್ಲ, ಬೆಳ್ತಂಗಡಿ ಸಾಕು. ಮಂಗಳೂರು ಧರ್ಮಪ್ರಾಂತ್ಯದ ಕೊಂಕಣಿ ಕಥೋಲಿಕರು ಲ್ಯಾಟಿನ್ ಕ್ರಮದವರು. ಕೇರಳದಿಂದ ಬಂದು ನೆಲೆಸಿದ, ಪೂರ್ವ ಕ್ರಮದ ಸಿರೊ ಮಲಬಾರ್ ಕಥೋಲಿಕರಿಗೆ ಬೆಳ್ತಂಗಡಿಯಲ್ಲಿ 1999ರಲ್ಲಿ, ಭದ್ರಾವತಿಯಲ್ಲಿ 2007ರಲ್ಲಿ, ಮಂಡ್ಯದಲ್ಲಿ 2010ರಲ್ಲಿ ಪ್ರತ್ಯೇಕ ಧರ್ಮಪ್ರಾಂತ್ಯಗಳಾದವು. ಇಬ್ಬರಿಗೂ ಪೋಪ್ ಒಬ್ಬರೇ. ಕಾನೂನು ಪುಸ್ತಕ ಎರಡು: ಪೂರ್ವ ಸಭೆಗಳ ಸಂಹಿತೆ 1990ರಲ್ಲಿ ಪ್ರಕಟವಾಗಿ 1991ರಲ್ಲಿ ಜಾರಿಗೆ ಬಂತು. ಅದರ ಪ್ರಕಾರ ತೈಲಾಭಿಷೇಕ, ಅಂದರೆ ದೃಢೀಕರಣ, ಜ್ಞಾನಸ್ನಾನದ ಜತೆಗೇ ನಡೆಯಬೇಕು, ಪಾದ್ರಿಯೇ ಕೊಡುತ್ತಾರೆ. ಹಾಗಾಗಿ ಒಂದೇ ಬೀದಿಯ ಎರಡು ಕಥೋಲಿಕ ಮನೆಗಳಲ್ಲಿ ಒಂದರ ಕೂಸಿಗೆ ಹಣೆಯ ಮುದ್ರೆ ತಿಂಗಳಾಗುವ ಮೊದಲೇ ಬಿದ್ದಿರುತ್ತದೆ. ಇನ್ನೊಂದರ ಹುಡುಗ ಮೀಸೆ ಚಿಗುರುವ ಹೊತ್ತಿಗೆ ಬಿಷಪರ ಮುಂದೆ ನಿಲ್ಲುತ್ತಾನೆ.

ತುರ್ತಿನ ಜ್ಞಾನಸ್ನಾನದಲ್ಲೂ ಎರಡೂ ಪುಸ್ತಕಗಳು ಒಂದೇ ಮಾತು ಹೇಳುವುದಿಲ್ಲ. ಯಾವ ಮನುಷ್ಯನಾದರೂ ಸರಿ ಎನ್ನುತ್ತದೆ ಲ್ಯಾಟಿನ್ ಸಂಹಿತೆ. ಕ್ರೈಸ್ತ ವಿಶ್ವಾಸಿಗಳಲ್ಲಿ ಯಾರಾದರೂ ಸರಿ, ಬೇರೆ ಯಾರೂ ಇಲ್ಲದಿದ್ದರೆ ತಾಯಿತಂದೆಯೂ ಆಗಬಹುದು ಎಂದಷ್ಟೇ ಹೇಳಿ ನಿಲ್ಲುತ್ತದೆ ಪೂರ್ವದ ಸಂಹಿತೆ.

ಮುಂದಿನ ಸಂಸ್ಕಾರಗಳಿಗೆ ಹೋದಂತೆ ವೃತ್ತ ಕಿರಿದಾಗುತ್ತದೆ. ಲ್ಯಾಟಿನ್ ಕ್ರಮದಲ್ಲಿ ದೃಢೀಕರಣಕ್ಕೆ ಬಿಷಪ್, ಇಲ್ಲವೇ ಅಧಿಕಾರ ಪಡೆದ ಪಾದ್ರಿ ಬೇಕು. ಬಲಿಪೂಜೆ ಅರ್ಪಿಸಲು ಸಿಂಧುವಾಗಿ ದೀಕ್ಷೆ ಪಡೆದ ಪಾದ್ರಿಯೇ ಬೇಕು. ಎಂಥ ತುರ್ತಿನಲ್ಲೂ ವಿನಾಯಿತಿಯಿಲ್ಲ. ರೊಟ್ಟಿ ಗೋಧಿಯದೇ ಆಗಿರಬೇಕು, ಅಕ್ಕಿಯದೂ ರಾಗಿಯದೂ ನಡೆಯದು. ಗೋಧಿಯ ಗ್ಲುಟೆನ್ ಒಗ್ಗದವರಿಗೆ ಅದರ ಅಂಶ ಕಡಿಮೆ ಮಾಡಿದ ರೊಟ್ಟಿ ಕೊಡಬಹುದು, ಪೂರ್ತಿ ತೆಗೆದದ್ದು ಕೂಡದು ಎಂದು 2003ರಲ್ಲಿ ವ್ಯಾಟಿಕನ್ ಸ್ಪಷ್ಟಪಡಿಸಿತು; ಅಂಥವರು ದ್ರಾಕ್ಷಾರಸವನ್ನಷ್ಟೇ ಸ್ವೀಕರಿಸಿದರೂ ಪೂರ್ಣ ಪ್ರಸಾದವೇ. ಮೋ‍ಕ್ಷಕ್ಕೆ ಅತ್ಯಗತ್ಯವೆಂದು ನಂಬಿರುವುದನ್ನು ಅತ್ಯಂತ ಸುಲಭವಾಗಿ ಸಿಗುವಂತೆ ಮಾಡಿ, ಉಳಿದದ್ದಕ್ಕೆ ಬೇಲಿ ಹಾಕಿದ ಕಾನೂನು ಇದು.

ಬೊಲೋನ್ಯಾದ ಹುಡುಗ

ಯಾರಾದರೂ ತೆರೆಯಬಹುದು ಎಂಬುದಕ್ಕೆ ಇನ್ನೊಂದು ಮುಖವಿದೆ. ಜ್ಞಾನಸ್ನಾನ ಆತ್ಮದ ಮೇಲೆ ಅಳಿಸಲಾಗದ ಮುದ್ರೆ ಒತ್ತುತ್ತದೆ, ಆದ್ದರಿಂದ ಅದನ್ನು ಮತ್ತೆ ಕೊಡಲಾಗದು, ಹಿಂತೆಗೆಯಲೂ ಆಗದು ಎಂದು ಧರ್ಮಸಭೆ ಕಲಿಸುತ್ತದೆ. ಅಗ್ಗವಾದ ಪ್ರವೇಶ, ಅಸಾಧ್ಯವಾದ ನಿರ್ಗಮನ. ಇದಕ್ಕೆ ಪೊಲೀಸ್ ಬಲ ಸೇರಿದರೆ ಏನಾಗುತ್ತದೆಂದು 19ನೇ ಶತಮಾನದ ಇಟಲಿ ತೋರಿಸಿತು.

ಪೋಪರ ಆಳ್ವಿಕೆಗೆ ಸೇರಿದ್ದ ಬೊಲೋನ್ಯಾ ನಗರದ ಯೆಹೂದಿ ಮನೆಯ ಕೂಸು ಎದ್ಗಾರ್ದೊ ಮೊರ್ತಾರಾ. ಅದಕ್ಕೆ ಕಾಯಿಲೆಯಾದಾಗ ಸಾಯುತ್ತದೆಂದು ಹೆದರಿದ ಮನೆಗೆಲಸದ ಕ್ರೈಸ್ತ ಹುಡುಗಿ ಗುಟ್ಟಾಗಿ ನೀರು ಚಿಮುಕಿಸಿ ಮಾತು ಹೇಳಿದಳು. ಕೂಸು ಬದುಕಿತು. ವರ್ಷಗಳ ಮೇಲೆ ಸುದ್ದಿ ಹೊರಬಿತ್ತು. ಜ್ಞಾನಸ್ನಾನವಾದ ಮಗು ಯೆಹೂದಿಗಳ ಬಳಿ ಬೆಳೆಯಕೂಡದು ಎಂಬುದು ಅಲ್ಲಿನ ಕಾನೂನು. 1858ರ ಜೂನ್‌ನಲ್ಲಿ ಪೊಲೀಸರು ಬಂದು ಆರು ವರ್ಷದ ಹುಡುಗನನ್ನು ತಾಯಿತಂದೆಯಿಂದ ಕಿತ್ತು ಒಯ್ದರು. ಯುರೋಪು, ಅಮೆರಿಕಗಳಲ್ಲಿ ಪ್ರತಿಭಟನೆ ಎದ್ದರೂ ಪೋಪ್ ಒಂಬತ್ತನೇ ಪಯಸ್ ಜಗ್ಗಲಿಲ್ಲ. ಹುಡುಗ ರೋಮಿನಲ್ಲಿ ಬೆಳೆದು ಪಾದ್ರಿಯಾಗಿ, 1940ರಲ್ಲಿ ಬೆಲ್ಜಿಯಂನಲ್ಲಿ ತೀರಿಕೊಂಡ.

ಇಂದು ಮಗುವಿನ ಜ್ಞಾನಸ್ನಾನ ನ್ಯಾಯಬದ್ಧವಾಗಲು ತಾಯಿತಂದೆಯರಲ್ಲಿ ಒಬ್ಬರಾದರೂ ಒಪ್ಪಲೇಬೇಕು. ಆದರೆ 868ನೇ ಕ್ಯಾನನ್ನಿನ ಎರಡನೇ ಭಾಗ ಇನ್ನೂ ಉಳಿದಿದೆ: ಸಾಯುವ ಸ್ಥಿತಿಯಲ್ಲಿರುವ ಕೂಸಿಗೆ, ಹೆತ್ತವರು ಕಥೋಲಿಕರಲ್ಲದಿದ್ದರೂ, ಅವರು ಒಲ್ಲೆನೆಂದರೂ ಜ್ಞಾನಸ್ನಾನ ಮಾಡಿಸಬಹುದು. ಪೂರ್ವದ ಸಂಹಿತೆ ಇದೇ ಸಂದರ್ಭಕ್ಕೆ ನಿಯಮ ಮಾಡಿದರೂ ಹೆತ್ತವರ ಇಚ್ಛೆಗೆ ವಿರುದ್ಧವಾಗಿ ಎಂಬ ಮಾತನ್ನು ಸೇರಿಸಿಲ್ಲ. ಜ್ಞಾನಸ್ನಾನವಿಲ್ಲದೆ ಸಾಯುವ ಕೂಸುಗಳೂ ರಕ್ಷಣೆ ಪಡೆಯುತ್ತವೆಂದು ಆಶಿಸಲು ಬಲವಾದ ಕಾರಣಗಳಿವೆ ಎಂದು ವ್ಯಾಟಿಕನ್ನಿನ ಅಂತರರಾಷ್ಟ್ರೀಯ ದೇವಶಾಸ್ತ್ರ ಆಯೋಗ 2007ರಲ್ಲಿ ಹೇಳಿದ ಮೇಲೆ, ಹೆತ್ತವರನ್ನು ಮೀರುವ ಈ ಸಾಲಿಗೆ ಉಳಿದಿರುವ ಸಮರ್ಥನೆ ತೆಳುವಾದದ್ದು. ಕಾನೂನು ದೇವಶಾಸ್ತ್ರದ ಹಿಂದೆ ಉಳಿದುಬಿಟ್ಟಿದೆ.

ಅಳಿಸಲಾಗದ ಸಾಲು

ಆತ್ಮದ ಮುದ್ರೆಗೆ ಕಾಗದದ ಮೇಲಿನ ಗುರುತು ಜ್ಞಾನಸ್ನಾನದ ದಾಖಲೆ ಪುಸ್ತಕ. ಪ್ರತಿ ಧರ್ಮಕೇಂದ್ರದಲ್ಲೂ ಇರುತ್ತದೆ. ದೃಢೀಕರಣವಾಗಲಿ, ಮದುವೆಯಾಗಲಿ, ಪಾದ್ರಿ ದೀಕ್ಷೆಯಾಗಲಿ, ಆ ಒಂದು ಸಾಲಿನ ಪಕ್ಕದಲ್ಲೇ ಬರೆಯಬೇಕು. ಮುಂಬೈಯಲ್ಲಿ ಮದುವೆಯಾದವರ ಸುದ್ದಿ ಜ್ಞಾನಸ್ನಾನವಾದ ಉಡುಪಿಯ ಚರ್ಚಿಗೆ ಬರಬೇಕು. ಪುಸ್ತಕ ಕಳೆದುಹೋದರೆ ನಂಬಲರ್ಹ ಸಾಕ್ಷಿಯೊಬ್ಬರ ಮಾತು ಸಾಕು.

ಧರ್ಮ ತೊರೆದ ಕೆಲವರು ಯುರೋಪಿನಲ್ಲಿ ಈ ಸಾಲನ್ನೇ ಅಳಿಸಿಹಾಕಿ ಎಂದು ಕೇಳತೊಡಗಿದ್ದಾರೆ. ವೈಯಕ್ತಿಕ ಮಾಹಿತಿ ರಕ್ಷಣೆಯ ಕಾನೂನನ್ನು ಮುಂದಿಟ್ಟಾಗ, 2023ರಲ್ಲಿ ಐರ್ಲೆಂಡಿನ ಪ್ರಾಧಿಕಾರ ಚರ್ಚಿನ ಪರವಾಗಿ ನಿಂತಿತು, ಬೆಲ್ಜಿಯಂನದು ಅರ್ಜಿದಾರರ ಪರವಾಗಿ. ದಾಖಲೆಯಿಂದ ಏನನ್ನೂ ಅಳಿಸಕೂಡದು ಎಂದು 2025ರ ಏಪ್ರಿಲ್‌ನಲ್ಲಿ ವ್ಯಾಟಿಕನ್ ಘೋಷಿಸಿತು. ಪುಸ್ತಕ ಯಾರು ನಂಬುತ್ತಾರೆಂಬ ಪಟ್ಟಿಯಲ್ಲ, ಹೀಗೊಂದು ಘಟನೆ ನಡೆಯಿತೆಂಬ ಸಾಕ್ಷ್ಯ ಎಂಬುದು ಅದರ ವಾದ. ಬಿಟ್ಟುಹೋಗುವ ಇಚ್ಛೆಯನ್ನು ಪಕ್ಕದಲ್ಲಿ ಬರೆಯಬಹುದು, ಅಷ್ಟೇ.

ಭಾರತದಲ್ಲಿ ಈ ಸಾಲಿನ ತೂಕವೇ ಬೇರೆ. 1950ರ ರಾಷ್ಟ್ರಪತಿ ಆದೇಶದಂತೆ ಹಿಂದೂ, ಸಿಖ್, ಬೌದ್ಧರಲ್ಲದವರಿಗೆ ಪರಿಶಿಷ್ಟ ಜಾತಿಯ ಸ್ಥಾನವಿಲ್ಲ. ಪುದುಚೇರಿಯ ಮಹಿಳೆಯೊಬ್ಬರು ಸರ್ಕಾರಿ ಕೆಲಸದ ಮೀಸಲಿಗಾಗಿ ಜಾತಿ ಪ್ರಮಾಣಪತ್ರ ಕೇಳಿದಾಗ, ಎಳೆತನದಲ್ಲೇ ಆಗಿದ್ದ ಜ್ಞಾನಸ್ನಾನ ಅವರ ವಿರುದ್ಧದ ಪುರಾವೆಗಳಲ್ಲಿ ಒಂದಾಯಿತು. 2024ರ ನವೆಂಬರ್ 26ರಂದು ಸುಪ್ರೀಂ ಕೋರ್ಟ್ ಅವರ ಬೇಡಿಕೆಯನ್ನು ತಳ್ಳಿಹಾಕಿತು. ಧರ್ಮಸಭೆಯ ದೃಷ್ಟಿಯಲ್ಲಿ ಕೃಪೆಯ ಗುರುತಾದದ್ದು ರಾಜ್ಯದ ದೃಷ್ಟಿಯಲ್ಲಿ ಒಂದು ಹಕ್ಕಿನ ಅಂತ್ಯವಾಗಬಹುದು. ಆ ಸಾಲು ಬರೆಯುವ ದಿನ ಕೂಸು ಯಾವುದಕ್ಕೂ ಒಪ್ಪಿಗೆ ಕೊಟ್ಟಿರುವುದಿಲ್ಲ.

ಬೆಳೆಸುವವರು ಯಾರು?

ಹಾಗಿದ್ದರೆ ಒಪ್ಪಿಗೆ ಕೊಡಲಾಗದ ಕೂಸಿಗೆ ಯಾಕೆ ಕೊಡಬೇಕು? 3ನೇ ಶತಮಾನದ ಆರಂಭದಲ್ಲೇ ತೆರ್ತುಲಿಯಾನ್ ಇದನ್ನು ಕೇಳಿ, ಕಾಯುವುದೇ ಮೇಲು ಎಂದಿದ್ದರು. ಧರ್ಮಸಭೆ ಕಾಯಲಿಲ್ಲ. ಕೂಸು ತಾಯ ಹಾಲನ್ನೂ ಮನೆಮಾತನ್ನೂ ಕೇಳಿ ಪಡೆಯುವುದಿಲ್ಲ, ಕೃಪೆಯೂ ಹಾಗೆಯೇ ಬರುತ್ತದೆ, ಇತರರ ನಂಬಿಕೆಯ ಆಸರೆಯಲ್ಲಿ ಎಂಬುದು ಅದರ ನಿಲುವು. ಆದರೆ ಆ ಇತರರು ನಿಜವಾಗಿ ಇರಬೇಕು. ಕಾನೂನು ನೀರು ಹೊಯ್ಯುವವರಿಗಿಂತ ಹೆಚ್ಚು ಷರತ್ತುಗಳನ್ನು ಹಾಕಿರುವುದು ಇವರ ಮೇಲೆ. ಜ್ಞಾನತಂದೆ ಅಥವಾ ಜ್ಞಾನತಾಯಿಯಾಗಲು ಸಾಮಾನ್ಯವಾಗಿ 16 ವರ್ಷ ತುಂಬಿರಬೇಕು, ತಾನೇ ಮೂರೂ ಸಂಸ್ಕಾರ ಪಡೆದಿರಬೇಕು, ನಂಬಿಕೆಗೆ ತಕ್ಕಂತೆ ಬದುಕುತ್ತಿರಬೇಕು, ಹೆತ್ತವರಾಗಿರಬಾರದು. ಪ್ರೊಟೆಸ್ಟೆಂಟ್ ಪಂಗಡದ ಬಂಧುವೊಬ್ಬರು ಪಕ್ಕದಲ್ಲಿ ಸಾಕ್ಷಿಯಾಗಿ ನಿಲ್ಲಬಹುದು, ಆ ಸ್ಥಾನ ಪಡೆಯಲಾರರು.

ನಮ್ಮಲ್ಲಿ ಈ ಆಯ್ಕೆ ಆಗಾಗ ಕೊಲ್ಲಿ ದೇಶದ ಚಿಕ್ಕಪ್ಪನಿಗೋ ಉಡುಗೊರೆ ತರುವ ಅತ್ತೆಗೋ ಕೊಡುವ ಮರ್ಯಾದೆಯಾಗಿ ಮುಗಿಯುತ್ತದೆ. ಹಾಲ್, ಕೇಕು, ಫೋಟೊಗಳಿಗೆ ತಿಂಗಳುಗಟ್ಟಲೆ ಸಿದ್ಧತೆ ನಡೆಯುತ್ತದೆ; ಹೆತ್ತವರಿಗೂ ಜ್ಞಾನ ತಂದೆತಾಯಿಯರಿಗೂ ಕಾನೂನು ವಿಧಿಸಿರುವ ತಯಾರಿ ಒಂದು ಸಂಜೆಗೆ ಇಳಿಯುತ್ತದೆ. ಆದರೆ ಮಗು ಕಥೋಲಿಕ ನಂಬಿಕೆಯಲ್ಲಿ ಬೆಳೆಯುತ್ತದೆಂಬ ಆಧಾರವುಳ್ಳ ಭರವಸೆ ತೀರ ಇಲ್ಲದಿದ್ದರೆ ಪಾದ್ರಿ ಜ್ಞಾನಸ್ನಾನವನ್ನು ಮುಂದೂಡಬೇಕು, ಕಾರಣವನ್ನೂ ಹೆತ್ತವರಿಗೆ ತಿಳಿಸಬೇಕು ಎನ್ನುತ್ತದೆ ಅದೇ 868ನೇ ಕ್ಯಾನನ್. ನಿರಾಕರಿಸಲು ಅಲ್ಲ, ಮುಂದೂಡಲು. ನೀರು ಹೊಯ್ದ ಕೈ ಯಾರದೆಂಬ ಚಿಂತೆಯನ್ನು ಧರ್ಮಸಭೆ ಶತಮಾನಗಳ ಹಿಂದೆಯೇ ಬಿಟ್ಟಿತು. ಮಗುವನ್ನು ಬೆಳೆಸುವ ಕೈ ಯಾರದೆಂದು ಮಾತ್ರ ಇಂದಿಗೂ ಕೇಳುತ್ತದೆ. ಬಾಗಿಲಲ್ಲಿ ಉತ್ತರಿಸಬೇಕಾದ ಒಂದೇ ಕಠಿಣ ಪ್ರಶ್ನೆ ಅದು. ಉತ್ತರಿಸಬೇಕಾದವರು ಪಾದ್ರಿಗಳಲ್ಲ, ಮನೆಯವರು.